ಎಂಟು ವರ್ಷಗಳ ಲೆಕ್ಕ, ಒಂದು ಮತ

ಸಾಮಾನ್ಯ ಮನುಷ್ಯನ ಕೈಗೆ ಅಧಿಕಾರ ಬರುವುದು ನಾಲ್ಕೈದು ವರ್ಷಕ್ಕೊಮ್ಮೆ. ಅದೂ ಮತಗಟ್ಟೆಯೊಳಗಿನ ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಅವನು ಆಳಿದವರನ್ನು ಹೇಗೆ ತೂಗಬೇಕು? ಹತ್ತು ಒಳ್ಳೆಯ ಕೆಲಸ ಮಾಡಿದ ಸರಕಾರ ಒಂದು ದೊಡ್ಡ ಅನ್ಯಾಯ ಮಾಡಿದರೆ ಆ ಹತ್ತನ್ನೂ ಮರೆತುಬಿಡಬೇಕೇ? ಅಥವಾ ಹತ್ತರ ಮುಖ ನೋಡಿ ಒಂದನ್ನು ಕ್ಷಮಿಸಬೇಕೇ? ಆ ಅನ್ಯಾಯ ನಡೆದದ್ದು ತನ್ನ ಮೇಲಲ್ಲ, ಸಾವಿರಾರು ಮೈಲಿ ದೂರದ ಬೇರೊಬ್ಬರ ಮೇಲೆ ಎಂದಾದರೆ, ಕ್ಷಮಿಸುವ ಹಕ್ಕಾದರೂ ಅವನಿಗೆ ಇದೆಯೇ?

2005ರ ವಸಂತದಲ್ಲಿ ಬ್ರಿಟನ್ನಿನ ಮುಸ್ಲಿಮರಿಗೆ ಇದು ಬರೀ ಪುಸ್ತಕದ ಪ್ರಶ್ನೆಯಾಗಿ ಉಳಿಯಲಿಲ್ಲ. ಏಪ್ರಿಲ್ 5ರಂದು ಪ್ರಧಾನಿ ಟೋನಿ ಬ್ಲೇರ್ ಮಹಾಚುನಾವಣೆ ಘೋಷಿಸಿದರು. ಮತದಾನ ಮೇ 5ಕ್ಕೆ. ನಡುವೆ ಸರಿಯಾಗಿ ಒಂದು ತಿಂಗಳು. ಬ್ಲೇರ್ ಬಗ್ಗೆ, ಇರಾಕ್ ಯುದ್ಧದ ಬಗ್ಗೆ ದಪ್ಪ ದಪ್ಪ ಗ್ರಂಥಗಳು ಬಂದಿವೆ. ಆದರೆ ಆ ಒಂದು ತಿಂಗಳಲ್ಲಿ ಬ್ರಾಡ್‌ಫರ್ಡಿನ ನಿವೃತ್ತ ಮಿಲ್ ಕಾರ್ಮಿಕ, ಬರ್ಮಿಂಗ್‌ಹ್ಯಾಮಿನ ಟ್ಯಾಕ್ಸಿ ಚಾಲಕ, ಪೂರ್ವ ಲಂಡನ್ನಿನ ಹೊಟೇಲ್ ಅಡುಗೆಯವನು, ಕಾಲೇಜಿಗೆ ಹೋಗುವ ಅವನ ಮಗಳು ಮಾಡಬೇಕಾಗಿ ಬಂದ ಲೆಕ್ಕವನ್ನು ನಾವು ಹೆಚ್ಚು ಗಮನಿಸಿಲ್ಲ. ಅದು ಗಮನಿಸತಕ್ಕ ಲೆಕ್ಕ.

ಮೊದಲು ಅವರು ಯಾರು ಎಂದು ತಿಳಿಯೋಣ. 1950 ಮತ್ತು 60ರ ದಶಕಗಳಲ್ಲಿ ಬ್ರಿಟನ್ನಿನ ಉಣ್ಣೆ ಮಿಲ್‌ಗಳಿಗೆ, ಹತ್ತಿ ಮಿಲ್‌ಗಳಿಗೆ, ಎರಕದ ಕಾರ್ಖಾನೆಗಳಿಗೆ ಕೈಗಳು ಬೇಕಿದ್ದವು. ಮಂಗ್ಲಾ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿಸಿಕೊಂಡ ಮೀರ್‌ಪುರದವರು ಬ್ರಾಡ್‌ಫರ್ಡ್, ಬರ್ಮಿಂಗ್‌ಹ್ಯಾಮ್‌ಗಳಿಗೆ ಹೋದರು. ಹಡಗಿನ ಕೂಲಿಗಳಾಗಿ ದುಡಿದ ಸಿಲ್ಹೆಟಿನವರು ಲಂಡನ್ ಬಂದರಿನ ಮಗ್ಗುಲಲ್ಲೇ ನೆಲೆನಿಂತರು. ಗುಜರಾತಿನ ಭರೂಚ್, ಸೂರತ್ ಕಡೆಯವರು ಬ್ಲ್ಯಾಕ್‌ಬರ್ನ್, ಪ್ರೆಸ್ಟನ್, ಡ್ಯೂಸ್‌ಬರಿ ಸೇರಿದರು. ರಾತ್ರಿ ಪಾಳಿ ಅವರದು, ಕಡಿಮೆ ಕೂಲಿ ಅವರದು. ಕೂಲಿಕಾರರ ಪಕ್ಷ ಲೇಬರ್. ಆದ್ದರಿಂದ ಅವರ ಮತವೂ ಲೇಬರಿಗೆ. ಬಣ್ಣ ನೋಡಿ ತಾರತಮ್ಯ ಮಾಡುವುದನ್ನು ತಡೆಯುವ ಕಾನೂನುಗಳು 1965, 1968, 1976ರಲ್ಲಿ ಬಂದವು, ಮೂರೂ ಲೇಬರ್ ಸರಕಾರಗಳಿದ್ದಾಗಲೇ. (1968ರಲ್ಲೇ ಕೀನ್ಯಾದ ಏಷ್ಯನ್ನರಿಗೆ ಬಾಗಿಲು ಮುಚ್ಚುವ ಕಾನೂನು ತಂದದ್ದೂ ಇದೇ ಪಕ್ಷ ಎಂಬುದನ್ನು ಹಿರಿಯರು ಯಾಕೋ ಕಡಿಮೆ ನೆನೆಸಿಕೊಳ್ಳುತ್ತಿದ್ದರು.)

ಇಲ್ಲೊಂದು ಮಾತು ಹೇಳಬೇಕು. ಬ್ರಿಟನ್ನಿನಲ್ಲಿ ಮತ ಹಾಕಲು ಆ ದೇಶದ ಪೌರತ್ವವೇ ಬೇಕೆಂದಿಲ್ಲ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಅಲ್ಲಿ ಕಾನೂನುಬದ್ಧವಾಗಿ ವಾಸವಿದ್ದರೆ ಸಾಕು, ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಕೆಲಸಕ್ಕೋ ಓದಿಗೋ ಹೋದ ನಮ್ಮ ಭಟ್ಕಳ, ಮಂಗಳೂರು, ಬೆಂಗಳೂರಿನ ಹುಡುಗರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿನ ಸಂಸದನನ್ನು ಆರಿಸಬಹುದು.

ಈಗ ತಕ್ಕಡಿಯ ಒಂದು ತಟ್ಟೆ ನೋಡೋಣ. 1997ರ ಮೇ 1ರ ಚುನಾವಣೆಯಲ್ಲಿ ಗೆದ್ದು ಬ್ಲೇರ್ ಅಧಿಕಾರಕ್ಕೆ ಬಂದರು. ಮರುತಿಂಗಳೇ ಅವರ ಸರಕಾರ ಒಂದು ನಿಯಮವನ್ನು ಕಿತ್ತುಹಾಕಿತು. ಉಪಖಂಡದಲ್ಲಿ ಮದುವೆಯಾಗಿ ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಬೇಕಾದರೆ, ಈ ಮದುವೆಯ ಮುಖ್ಯ ಉದ್ದೇಶ ಬ್ರಿಟನ್ನಿಗೆ ಬರುವುದಲ್ಲ ಎಂದು ದಂಪತಿಯೇ ಸಾಬೀತು ಮಾಡಬೇಕಿತ್ತು. ಒಂದು ಉದ್ದೇಶ ಇಲ್ಲವೆಂದು ಸಾಬೀತು ಮಾಡುವುದು ಹೇಗೆ? ಈ ನಿಯಮದಿಂದ ವರ್ಷಗಟ್ಟಲೆ ಬೇರ್ಪಟ್ಟಿದ್ದ ಕುಟುಂಬಗಳಲ್ಲಿ ನಮ್ಮ ಉಪಖಂಡದವೇ ಹೆಚ್ಚು. ಅಂಥ ಮನೆಯ ತಾಯಿ 2005ರಲ್ಲಿ ಬ್ಲೇರ್ ಬಗ್ಗೆ ಮೆತ್ತಗೆ ಮಾತಾಡಿದರೆ ಆಕೆಗೆ ರಾಜಕೀಯ ಗೊತ್ತಿಲ್ಲ ಎನ್ನಲಾಗದು.

1998ರಲ್ಲಿ ಮೊದಲ ಬಾರಿಗೆ ಮುಸ್ಲಿಂ ಶಾಲೆಗಳಿಗೆ ಸರಕಾರಿ ಅನುದಾನ ಬಂತು. ಕ್ರೈಸ್ತ, ಯಹೂದಿ ಶಾಲೆಗಳಿಗೆ ಹಿಂದಿನಿಂದಲೂ ಇತ್ತು, ನಮ್ಮವರು ಅರ್ಜಿ ಹಾಕಿ ಹಾಕಿ ಸೋತಿದ್ದರು. 1999ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕನಿಷ್ಠ ಕೂಲಿ ಬಂತು, ಗಂಟೆಗೆ 3 ಪೌಂಡ್ 60 ಪೆನ್ಸ್. ಚುನಾವಣೆಯ ಹೊತ್ತಿಗೆ ಅದು 4 ಪೌಂಡ್ 85 ಪೆನ್ಸ್ ಆಗಿತ್ತು. ಹೊಟೇಲ್ ಅಡುಗೆಮನೆಗಳಲ್ಲಿ, ಬಟ್ಟೆ ಹೊಲಿಯುವ ಕೊಠಡಿಗಳಲ್ಲಿ ದುಡಿಯುವವರಿಗೆ ಅದರ ಅರ್ಥವೇನೆಂದು ವಿವರಿಸಬೇಕಿಲ್ಲ. 2000ದಿಂದ ಹಜ್‌ಗೆ ಹೋಗುವ ಬ್ರಿಟಿಷ್ ಯಾತ್ರಿಕರ ನೆರವಿಗೆ ಸರಕಾರವೇ ನಿಯೋಗ ಕಳಿಸತೊಡಗಿತು. 2001ರ ಜನಗಣತಿಯಲ್ಲಿ ಧರ್ಮದ ಪ್ರಶ್ನೆ ಸೇರಿತು, ಆಗಲೇ ಗೊತ್ತಾದದ್ದು ಅಲ್ಲಿನ ಮುಸ್ಲಿಮರು ಸುಮಾರು 16 ಲಕ್ಷ, ಜನಸಂಖ್ಯೆಯ ಶೇ. 3ರಷ್ಟು ಎಂದು. ಧರ್ಮದ ಕಾರಣಕ್ಕೆ ಕೆಲಸ ನಿರಾಕರಿಸುವುದು 2003ರ ಡಿಸೆಂಬರ್‌ನಿಂದ ಕಾನೂನುಬಾಹಿರವಾಯಿತು.

ಇದು ಸಣ್ಣ ಪಟ್ಟಿಯಲ್ಲ. ಇನ್ನೊಂದು ತಟ್ಟೆ ನೋಡುವ ಮೊದಲು ಇದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಕೋಪ ಬಂದಾಗ ಎದುರಿಗಿರುವವನ ಒಳಿತನ್ನೆಲ್ಲ ಅಳಿಸಿಹಾಕುವುದು ಮನುಷ್ಯನ ಸ್ವಭಾವ. ಜನರ ಮೇಲಿನ ಸಿಟ್ಟು ನಿಮ್ಮನ್ನು ನ್ಯಾಯದಿಂದ ಕದಲಿಸದಿರಲಿ ಎಂದು ಸೂರಃ ಅಲ್ ಮಾಇದಃ ಎಚ್ಚರಿಸುವುದು ಇಂಥ ಹೊತ್ತಿಗೇ.

ಇನ್ನೊಂದು ತಟ್ಟೆಯಲ್ಲಿದ್ದದ್ದು ಇರಾಕ್. 2002ರ ಸೆಪ್ಟೆಂಬರ್‌ನಲ್ಲಿ ಸರಕಾರ ಒಂದು ಕಡತ ಪ್ರಕಟಿಸಿತು. ಸದ್ದಾಮ್ ಬಳಿ ಸಮೂಹನಾಶಕ ಅಸ್ತ್ರಗಳಿವೆ, ಅವುಗಳಲ್ಲಿ ಕೆಲವನ್ನು 45 ನಿಮಿಷಗಳಲ್ಲಿ ಬಳಕೆಗೆ ಸಿದ್ಧಗೊಳಿಸಬಹುದು ಎಂದಿತು. 2003ರ ಫೆಬ್ರವರಿ 15ರಂದು ಲಂಡನ್ ಬೀದಿಗಳಲ್ಲಿ ಯುದ್ಧ ಬೇಡವೆಂದು ಜನಸಾಗರ ನೆರೆಯಿತು. ಪೊಲೀಸರ ಲೆಕ್ಕವೇ ಏಳೂವರೆ ಲಕ್ಷ, ಸಂಘಟಕರು ಇಪ್ಪತ್ತು ಲಕ್ಷದವರೆಗೂ ಹೇಳಿದರು. ಅಲ್ಲಿ ಪಾದ್ರಿಗಳಿದ್ದರು, ಕಾರ್ಮಿಕ ನಾಯಕರಿದ್ದರು, ದೇವರನ್ನೇ ನಂಬದವರಿದ್ದರು, ಹಿಜಾಬಿನ ಹುಡುಗಿಯರಿದ್ದರು. ಮಾರ್ಚ್ 17ರಂದು ಹಿರಿಯ ಸಚಿವ ರಾಬಿನ್ ಕುಕ್ ರಾಜೀನಾಮೆ ಕೊಟ್ಟರು. ಮರುದಿನ ಸಂಸತ್ತು 412ಕ್ಕೆ 149 ಮತಗಳಿಂದ ಯುದ್ಧಕ್ಕೆ ಒಪ್ಪಿಗೆ ನೀಡಿತು. ಯುದ್ಧದ ಸಮರ್ಥನೆ ಇನ್ನೂ ಸಾಬೀತಾಗಿಲ್ಲ ಎಂಬ ತಿದ್ದುಪಡಿಗೆ 217 ಮತ ಬಿದ್ದವು. ಬ್ಲೇರ್‌ರ ಸ್ವಂತ ಪಕ್ಷದ 139 ಸಂಸದರು ಅದನ್ನು ಬೆಂಬಲಿಸಿದ್ದರು. ಅಷ್ಟಾಗಿಯೂ ಯುದ್ಧ ನಡೆಯಿತು. ಅಸ್ತ್ರಗಳು ಸಿಗಲಿಲ್ಲ.

ಜೊತೆಗೆ ಸ್ವಂತ ನೆಲದ ಸಂಕಟವೂ ಇತ್ತು. 2001ರ ಭಯೋತ್ಪಾದನಾ ವಿರೋಧಿ ಕಾನೂನಿನಡಿ ವಿದೇಶಿ ಪ್ರಜೆಗಳನ್ನು ವಿಚಾರಣೆಯೇ ಇಲ್ಲದೆ ಅನಿರ್ದಿಷ್ಟ ಕಾಲ ಬೆಲ್‌ಮಾರ್ಶ್ ಜೈಲಿನಲ್ಲಿ ಇಡಲಾಯಿತು. 2004ರ ಡಿಸೆಂಬರ್ 16ರಂದು ಅಲ್ಲಿನ ಅತ್ಯುಚ್ಚ ನ್ಯಾಯಪೀಠದ ಒಂಬತ್ತು ನ್ಯಾಯಾಧೀಶರಲ್ಲಿ ಎಂಟು ಮಂದಿ ಇದು ಮಾನವ ಹಕ್ಕುಗಳಿಗೆ ವಿರುದ್ಧವೆಂದು ತೀರ್ಪಿತ್ತರು. ಸರಕಾರ ಏನು ಮಾಡಿತು? 2005ರ ಮಾರ್ಚ್‌ನಲ್ಲಿ, ಅಂದರೆ ಚುನಾವಣೆಗೆ ಎರಡು ತಿಂಗಳಿಗೂ ಕಡಿಮೆ ಇರುವಾಗ, ಜೈಲಿನ ಬದಲು ಮನೆಯಲ್ಲೇ ಕಟ್ಟುಪಾಡಿನಲ್ಲಿಡುವ ಇನ್ನೊಂದು ಕಾನೂನು ತಂದಿತು.

ಹಾಗಾದರೆ ಸುಲಭವಲ್ಲವೇ, ಲೇಬರನ್ನು ಸೋಲಿಸಿಬಿಡಿ ಎನ್ನಬಹುದು. ಕಷ್ಟ ಇದ್ದದ್ದೇ ಇಲ್ಲಿ. ಮುಖ್ಯ ವಿರೋಧ ಪಕ್ಷವಾದ ಕನ್ಸರ್ವೇಟಿವ್ ಯುದ್ಧಕ್ಕೆ ಲೇಬರಿಗಿಂತ ಹೆಚ್ಚು ಒಗ್ಗಟ್ಟಿನಿಂದ ಮತ ಹಾಕಿತ್ತು. ಅದರ ನಾಯಕ ಮೈಕೆಲ್ ಹೊವಾರ್ಡ್ ವಲಸೆಗೆ ಮಿತಿ ಹಾಕುವುದನ್ನೇ ಪ್ರಚಾರದ ದೊಡ್ಡ ವಿಷಯ ಮಾಡಿಕೊಂಡಿದ್ದರು. ಬೀದಿಬೀದಿಯಲ್ಲಿ ಆ ಬಗ್ಗೆ ಫಲಕಗಳಿದ್ದವು. ಚಾರ್ಲ್ಸ್ ಕೆನಡಿಯವರ ಲಿಬರಲ್ ಡೆಮಾಕ್ರಟ್ ಪಕ್ಷ ಯುದ್ಧವನ್ನು ವಿರೋಧಿಸಿತ್ತು, ಆದರೆ ಅದು ಸರಕಾರ ರಚಿಸುವಷ್ಟು ದೊಡ್ಡದಲ್ಲ. 2004ರ ಜನವರಿಯಲ್ಲಿ ಹುಟ್ಟಿದ ರೆಸ್ಪೆಕ್ಟ್ ಪಕ್ಷ ಕೆಲವೇ ಕ್ಷೇತ್ರಗಳಲ್ಲಿತ್ತು. ಅಲ್ಲಿಯೂ ನಮ್ಮಂತೆಯೇ ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವನೇ ವಿಜೇತ. ಪ್ರಧಾನಿಗೆ ಶಿಕ್ಷೆ ಕೊಡಲು ಹೋಗಿ ಯುದ್ಧವನ್ನು ವಿರೋಧಿಸಿದ ಸ್ಥಳೀಯ ಸಂಸದನನ್ನೇ ಸೋಲಿಸುವ ಅಪಾಯವಿತ್ತು. ಲಂಡನ್ನಿನ ಇಸ್ಲಿಂಗ್ಟನ್ ನಾರ್ತ್‌ನಲ್ಲಿ ಜೆರೆಮಿ ಕಾರ್ಬಿನ್ ಆಗ ಲೇಬರಿನವರೇ, ಯುದ್ಧದ ಮೊದಲ ವಿರೋಧಿಗಳಲ್ಲಿ ಒಬ್ಬರೂ ಹೌದು. ಅಲ್ಲಿನ ಮತದಾರ ಏನು ಮಾಡಬೇಕು? ಅವನ ಮತ ಕಾರ್ಬಿನ್‌ಗೆ ಬಿದ್ದರೂ ಲೆಕ್ಕಕ್ಕೆ ಸೇರುವುದು ಬ್ಲೇರ್‌ರ ಬಹುಮತಕ್ಕೆ.

ಈ ವಾದಗಳು ನಡೆದದ್ದೆಲ್ಲಿ? ಬ್ರಿಟನ್ನಿನಲ್ಲಿ ಚುನಾವಣೆಗೆ ಮುನ್ನ ಎಲ್ಲ ಅಭ್ಯರ್ಥಿಗಳನ್ನೂ ಒಂದೇ ವೇದಿಕೆಗೆ ಕರೆಸಿ ಊರಿನವರು ಪ್ರಶ್ನೆ ಕೇಳುವ ಹಳೆಯ ಪದ್ಧತಿಯಿದೆ. ಚರ್ಚ್ ಸಭಾಂಗಣಗಳಲ್ಲಿ, ಶಾಲೆಗಳಲ್ಲಿ ನಡೆಯುತ್ತದೆ. ಮಸೀದಿಗಳು, ಇಸ್ಲಾಮಿಕ್ ಕೇಂದ್ರಗಳೂ ಇದನ್ನು ರೂಢಿಸಿಕೊಂಡವು. ಧರ್ಮಾರ್ಥ ಸಂಸ್ಥೆಗಳಾಗಿ ನೋಂದಣಿಯಾದ ಮಸೀದಿಗಳು ಒಂದು ಪಕ್ಷಕ್ಕೆ ಮತ ಹಾಕಿ ಎನ್ನುವಂತಿಲ್ಲ, ಎಲ್ಲರನ್ನೂ ಕರೆಸಿ ಕೇಳಬಹುದು. ಒಳ್ಳೆಯ ನಿಯಮ ಎಂದೇ ನನ್ನ ಅಭಿಪ್ರಾಯ. ಮಿಂಬರಿನ ಮೇಲಿಂದ ಪಕ್ಷದ ಹೆಸರು ಹೇಳಿದ ಇಮಾಮನ ಹಿಂದೆ ಮರುವಾರ ಅರ್ಧ ಜಮಾಅತ್ ಮನಸ್ಸಿಲ್ಲದೆ ನಿಲ್ಲುತ್ತದೆ. ಅಲ್ಲಿನ ಕಾನೂನು ಇನ್ನೂ ಮುಂದೆ ಹೋಗುತ್ತದೆ. ಧಾರ್ಮಿಕ ಒತ್ತಡ ಹಾಕಿ ಮತ ಪಡೆಯುವುದು ಚುನಾವಣಾ ಅಪರಾಧ. 2015ರಲ್ಲಿ ಪೂರ್ವ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ ಮೇಯರ್ ಚುನಾವಣೆ ರದ್ದಾದಾಗ, 101 ಇಮಾಮರು ಮತ್ತು ಆಲಿಮರು ಸಹಿ ಮಾಡಿದ್ದ ಒಂದು ಪತ್ರವೂ ಆ ತೀರ್ಪಿನ ಕಾರಣಗಳಲ್ಲಿ ಸೇರಿತ್ತು. ನಮ್ಮ ವೃತ್ತಿಯವರು ಓದಬೇಕಾದ ತೀರ್ಪು ಅದು.

ಬ್ಲ್ಯಾಕ್‌ಬರ್ನ್‌ನ ಆಗಿನ ಸಂಸದ ಜಾಕ್ ಸ್ಟ್ರಾ ಯುದ್ಧಕಾಲದ ವಿದೇಶಾಂಗ ಸಚಿವ. 1979ರಿಂದ 2015ರವರೆಗೆ ಅವರು ಅಲ್ಲಿನ ಪ್ರತಿನಿಧಿಯಾಗಿದ್ದರು. ಪೇಟೆಯ ನಡುವೆ ಪೆಟ್ಟಿಗೆಯೊಂದರ ಮೇಲೆ ನಿಂತು, ಧ್ವನಿವರ್ಧಕ ಹಿಡಿದು, ಹಾದುಹೋಗುವವರ ಪ್ರಶ್ನೆಗೆ ಉತ್ತರಿಸುವುದು ಅವರ ರೂಢಿಯಾಗಿತ್ತು. ದೊಡ್ಡ ಸಂಖ್ಯೆಯಲ್ಲಿ ಗುಜರಾತಿ, ಪಾಕಿಸ್ತಾನಿ ಮೂಲದ ಮುಸ್ಲಿಮರಿರುವ ಊರು ಅದು. ಯುದ್ಧಕ್ಕೆ ಹೊಣೆಗಾರನಾದ ಮಂತ್ರಿಯನ್ನು ತರಕಾರಿ ಚೀಲ ಹಿಡಿದವನೊಬ್ಬ ನಡುಬೀದಿಯಲ್ಲಿ ನಿಲ್ಲಿಸಿ ಕೇಳಬಹುದಿತ್ತು. ಸಚಿವರಿಗೆ ಅದರಿಂದ ಲಾಭವೂ ಇತ್ತೆನ್ನಿ, ಎದುರು ಸಿಗುವವನ ಮೇಲೆ ಸಿಟ್ಟು ಬಹಳ ದಿನ ಉಳಿಯುವುದಿಲ್ಲ.

ದೂರದರ್ಶನವೂ ಈ ಸಭೆಯ ವಿಸ್ತರಣೆಯೇ. 1983ರ ಮೇ ತಿಂಗಳಲ್ಲಿ, ಆ ವರ್ಷದ ಚುನಾವಣೆಗೆ ಮುನ್ನ, ಒಬ್ಬ ಶಾಲಾ ಶಿಕ್ಷಕಿ ಬಿಬಿಸಿ ಕಾರ್ಯಕ್ರಮದಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್‌ರನ್ನು ಬಿಡದೆ ಕೇಳಿದ್ದರು: ಅರ್ಜೆಂಟೀನಾದ ಬೆಲ್‌ಗ್ರಾನೋ ಯುದ್ಧನೌಕೆ ನಿಷೇಧಿತ ವಲಯದ ಹೊರಗಿದ್ದು, ದೂರ ಸಾಗುತ್ತಿದ್ದರೂ ಅದನ್ನೇಕೆ ಮುಳುಗಿಸಿದಿರಿ? ಅದರಲ್ಲಿ ಸತ್ತವರು 323 ಮಂದಿ. ಶತ್ರುದೇಶದ ಸೈನಿಕರಿಗಾಗಿ ಒಬ್ಬ ಸಾಮಾನ್ಯ ಮತದಾರಳು ತನ್ನದೇ ಪ್ರಧಾನಿಯನ್ನು ನಿಲ್ಲಿಸಿ ಕೇಳಿದಳು. ಥ್ಯಾಚರ್ ಆ ಚುನಾವಣೆಯನ್ನು ಭಾರೀ ಬಹುಮತದಿಂದ ಗೆದ್ದರು ಎಂಬುದು ನಿಜ. ಆದರೆ ಆ ಪ್ರಶ್ನೆ ಮಾತ್ರ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

2005ರ ಏಪ್ರಿಲ್ 28 ಅಂಥ ಇನ್ನೊಂದು ದಿನ. ಯುದ್ಧ ಕಾನೂನುಬದ್ಧವೇ ಎಂದು ಸರಕಾರದ ಪ್ರಧಾನ ಕಾನೂನು ಸಲಹೆಗಾರ ಲಾರ್ಡ್ ಗೋಲ್ಡ್‌ಸ್ಮಿತ್ 2003ರ ಮಾರ್ಚ್ 7ರಂದು ಕೊಟ್ಟಿದ್ದ 13 ಪುಟಗಳ ಗುಪ್ತ ಅಭಿಪ್ರಾಯ ಸೋರಿಕೆಯಾಗಿ, ಸರಕಾರ ಅದನ್ನು ಪೂರ್ತಿ ಪ್ರಕಟಿಸಬೇಕಾಗಿ ಬಂತು. ವಿಶ್ವಸಂಸ್ಥೆಯ ಇನ್ನೊಂದು ನಿರ್ಣಯ ಪಡೆಯುವುದೇ ಹೆಚ್ಚು ಸುರಕ್ಷಿತ ಎಂದು ಅದರಲ್ಲಿತ್ತು. ಹತ್ತು ದಿನಗಳ ನಂತರ ಸಂಸತ್ತಿಗೆ ಹೇಳಿದ್ದ ಚಿಕ್ಕ ಉತ್ತರದಲ್ಲಿ ಇಂಥ ಯಾವ ಅನುಮಾನವೂ ಇರಲಿಲ್ಲ. ಅಂದು ಸಂಜೆಯೇ ಬ್ಲೇರ್ ಬಿಬಿಸಿಯಲ್ಲಿ ಜನರೆದುರು ಕುಳಿತರು. ಇರಾಕ್ ಬಗ್ಗೆ ಬೆವರಿಳಿಸುವ ಪ್ರಶ್ನೆಗಳು ಬಂದವು. ಆದರೆ ಅವರನ್ನು ನಿಜಕ್ಕೂ ತಬ್ಬಿಬ್ಬು ಮಾಡಿದ್ದು ಬೇರೊಂದು. ಒಬ್ಬ ಮಹಿಳೆ ಹೇಳಿದರು: ವೈದ್ಯರನ್ನು 48 ಗಂಟೆಯೊಳಗೆ ಕಾಣಸಿಗುವಂತೆ ಮಾಡಬೇಕೆಂದು ನೀವು ಗುರಿ ಹಾಕಿದ್ದೀರಿ, ಆದ್ದರಿಂದ ನಮ್ಮ ಚಿಕಿತ್ಸಾಲಯ ಮುಂದಿನ ವಾರಕ್ಕೆ ಸಮಯ ಕೊಡುವುದನ್ನೇ ನಿಲ್ಲಿಸಿದೆ. ಗುರಿ ತಲುಪಿದಂತೆ ಕಾಣಲು ಮುಂಗಡ ಬುಕಿಂಗೇ ಇಲ್ಲ! ಪ್ರಧಾನಿಗೆ ಇದು ಹೊಸ ಸುದ್ದಿ. ಸಭೆಯಲ್ಲಿದ್ದ ಇನ್ನೂ ಹಲವರು ನಮಗೂ ಹಾಗೇ ಆಗಿದೆ ಎಂದರು.

ಸರಕಾರದ ಸಾಧನೆಯ ಪುಸ್ತಕದಲ್ಲಿ 48 ಗಂಟೆಯ ಗುರಿ ಹೆಮ್ಮೆಯ ಸಾಲು. ಅದರ ಹಿಂದೆ ಏನಿದೆ ಎಂದು ಬೆಳಿಗ್ಗೆ ಫೋನ್ ಹಿಡಿದು ಕಾಯುವ ರೋಗಿಗೆ ಮಾತ್ರ ಗೊತ್ತು. ಆಳುವವನ ಸುತ್ತ ಅಧಿಕಾರಿಗಳಿರುತ್ತಾರೆ, ಅಂಕಿಅಂಶಗಳಿರುತ್ತವೆ, ಸತ್ಯ ಹೇಳುವ ಆ ಒಬ್ಬ ಮಹಿಳೆ ಇರುವುದಿಲ್ಲ. ಹಜ್ರತ್ ಅಬೂಬಕರ್ (ರ) ಖಲೀಫರಾದ ದಿನವೇ, ತಾನು ತಪ್ಪಿದರೆ ತಿದ್ದುವ ಹೊಣೆಯನ್ನು ಜನರ ಮೇಲೆ ಹೊರಿಸಿದ್ದು ಇದೇ ಕಾರಣಕ್ಕಿರಬೇಕು.

ಇನ್ನು ನಮ್ಮವರ ಮನೆಯೊಳಗಿನ ಮಾತು. ಅದು ಅಷ್ಟು ಹಿತವಾದದ್ದಲ್ಲ. ಮೀರ್‌ಪುರಿ, ಪಂಜಾಬಿ ಕುಟುಂಬಗಳಲ್ಲಿ ಬಿರಾದರಿ ಎಂಬ ಬಂಧುಕೂಟದ ವ್ಯವಸ್ಥೆ ಬಲವಾಗಿತ್ತು. ಅಭ್ಯರ್ಥಿ ಬಂದು ಹಿರಿಯರೊಬ್ಬರ ಮನೆಯಲ್ಲಿ ಚಹಾ ಕುಡಿದರೆ ನೂರಾರು ಮತ ನಿಶ್ಚಯ. ಮಗ, ಸೊಸೆ, ಮೊಮ್ಮಗಳನ್ನು ಯಾರೂ ಕೇಳುವುದಿಲ್ಲ. ಅಂಚೆಯ ಮೂಲಕ ಮತ ಹಾಕುವ ಅವಕಾಶವನ್ನು ಎಲ್ಲರಿಗೂ ತೆರೆದ ಮೇಲೆ ಇದು ಇನ್ನೂ ಸುಲಭವಾಯಿತು, ಮತಪತ್ರ ಮನೆಗೇ ಬರುತ್ತದೆ, ಮನೆಯಲ್ಲಿ ಗುಟ್ಟೆಲ್ಲಿ? 2005ರ ಏಪ್ರಿಲ್ 4ರಂದು, ಚುನಾವಣೆ ಘೋಷಣೆಯಾಗುವ ಹಿಂದಿನ ದಿನ, ನ್ಯಾಯಾಧೀಶ ರಿಚರ್ಡ್ ಮಾರಿ ಬರ್ಮಿಂಗ್‌ಹ್ಯಾಮಿನ ಎರಡು ವಾರ್ಡುಗಳ ಹಿಂದಿನ ವರ್ಷದ ಚುನಾವಣೆಯನ್ನು ರದ್ದುಪಡಿಸಿದರು. ಅಂಚೆ ಮತಗಳನ್ನು ರಾಶಿಗಟ್ಟಲೆ ಕದ್ದು, ತಿದ್ದಿ, ತುಂಬಲಾಗಿತ್ತು. ಆರು ಲೇಬರ್ ಕೌನ್ಸಿಲರ್‌ಗಳನ್ನು ದೋಷಿಗಳೆಂದು ತೀರ್ಮಾನಿಸಲಾಯಿತು, ಅವರಲ್ಲೊಬ್ಬರು ಮೇಲ್ಮನವಿಯಲ್ಲಿ ಮುಕ್ತರಾದರು. ಆರು ಮಂದಿಯೂ ಮುಸ್ಲಿಮರು. ಸದ್ದಾಮನ ಅಸ್ತ್ರಗಳ ಬಗ್ಗೆ ಸುಳ್ಳು ಹೇಳಿದರೆಂದು ಬ್ಲೇರ್‌ರನ್ನು ದೂರುವ ಅದೇ ಬಾಯಿ ಇದಕ್ಕೇನು ಹೇಳಬೇಕಿತ್ತು?

ಮುಫ್ತಿ ಮುಹಮ್ಮದ್ ಶಫೀ ಅವರು ಮತವನ್ನು ಶಹಾದತ್ ಅಂದರೆ ಸಾಕ್ಷ್ಯ ಎಂದು ವಿವರಿಸಿದ್ದಾರೆ. ಈ ಅಭ್ಯರ್ಥಿ ಈ ಹೊಣೆಗೆ ಯೋಗ್ಯನೆಂದು ನಾನು ಸಾಕ್ಷಿ ಹೇಳುತ್ತೇನೆ ಎಂಬುದೇ ಮತದ ಅರ್ಥ. ಮದ್ರಸದಲ್ಲಿ ಇದನ್ನು ಓದಿದಾಗ ನನಗೆ ಸುಳ್ಳು ಸಾಕ್ಷ್ಯದ ಪಾಪವಷ್ಟೇ ಕಂಡಿತ್ತು. ಈ ಇತಿಹಾಸ ಓದುವಾಗ ಇನ್ನೊಂದು ಮುಖವೂ ಕಾಣುತ್ತದೆ. ಸಾಕ್ಷ್ಯವನ್ನು ಒಬ್ಬನ ಪರವಾಗಿ ಇನ್ನೊಬ್ಬ ಹೇಳಲಾಗದು. ಕಂಡವನೇ ಹೇಳಬೇಕು. ಮಾವ ಸೊಸೆಯ ಮತಪತ್ರ ತುಂಬಿದರೆ ಅಲ್ಲಿ ಸಾಕ್ಷಿಯೇ ಇಲ್ಲ.

2005ರಲ್ಲಿ ಈ ಕಟ್ಟು ಸಡಿಲವಾಯಿತು. ಮಿಲ್‌ಗಳಲ್ಲಿ ದುಡಿದ ತಂದೆಗೆ ಲೇಬರ್ ಅನ್ನ ಕೊಟ್ಟ ಪಕ್ಷ, ಬ್ರಿಟನ್ನಿನಲ್ಲೇ ಹುಟ್ಟಿದ ಮಗಳಿಗೆ ಅದು ಬಾಗ್ದಾದಿನ ಮೇಲೆ ಬಾಂಬ್ ಹಾಕಿದ ಪಕ್ಷ. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ಸ್ಪಾರ್ಕ್‌ಬ್ರೂಕ್ ಮತ್ತು ಸ್ಮಾಲ್ ಹೀತ್ ಕ್ಷೇತ್ರದಲ್ಲಿ ರೆಸ್ಪೆಕ್ಟ್ ಪಕ್ಷದಿಂದ ಸಲ್ಮಾ ಯಾಕೂಬ್ ನಿಂತರು. ಹಿಜಾಬ್ ಧರಿಸಿದ, ಚಿಕ್ಕ ಮಕ್ಕಳ ತಾಯಿ. ಬಿರಾದರಿಯ ಹಿರಿಯರಿಗೆ ಹೆಣ್ಣು ಅಭ್ಯರ್ಥಿ ಬೇಡ, ಮತದಾನವೇ ಹರಾಮ್ ಎನ್ನುವ ಉಗ್ರರಿಗೆ ಚುನಾವಣೆಯೇ ಬೇಡ. ಇಬ್ಬರ ನಡುವೆ ನಡೆದು ಆಕೆ ಹತ್ತು ಸಾವಿರಕ್ಕೂ ಹೆಚ್ಚು ಮತ ಪಡೆದರು. ಶೇ. 27.5ರಷ್ಟು ಪಡೆದು ಎರಡನೇ ಸ್ಥಾನ.

ಆ ಉಗ್ರರ ಬಗ್ಗೆ ಒಂದು ಮಾತು. ಏಪ್ರಿಲ್ ಮಧ್ಯದಲ್ಲಿ ಲಂಡನ್ನಿನಲ್ಲಿ ಮುಸ್ಲಿಂ ಕೌನ್ಸಿಲ್ ಆಫ್ ಬ್ರಿಟನ್ ಮತದಾನಕ್ಕೆ ಕರೆಕೊಡಲು ನಡೆಸಿದ ಸಭೆಗೆ ಒಂದು ಗುಂಪು ನುಗ್ಗಿ ಗಲಾಟೆ ಮಾಡಿತು. ರೆಸ್ಪೆಕ್ಟಿನ ಜಾರ್ಜ್ ಗಾಲೋವೇ ಅವರನ್ನೂ ಇಂಥ ಗುಂಪೊಂದು ಸುತ್ತುಗಟ್ಟಿತು. ಮತ ಹಾಕುವವನು ದೀನಿನಿಂದ ಹೊರಗೆ ಎಂಬುದು ಇವರ ಘೋಷಣೆ. ಇರಾಕಿನ ಮಕ್ಕಳಿಗಾಗಿ ಇವರು ಮಾಡಿದ್ದು ಕೂಗಾಟವಷ್ಟೇ. ಕೈಯಲ್ಲಿದ್ದ ಒಂದೇ ಸಾಧನವನ್ನೂ ಬೇರೆಯವರು ಬಳಸದಂತೆ ತಡೆಯಲು ನೋಡಿದರು.

ಅತ್ಯಂತ ಬಿರುಸಿನ ಕದನ ನಡೆದದ್ದು ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್ ಮತ್ತು ಬೋ ಕ್ಷೇತ್ರದಲ್ಲಿ. ಸಿಲ್ಹೆಟ್ ಮೂಲದವರು ಬಹುಸಂಖ್ಯೆಯಲ್ಲಿರುವ ಜಾಗ. ಹಾಲಿ ಸಂಸದೆ ಲೇಬರಿನ ಊನಾ ಕಿಂಗ್, ತಂದೆ ಆಫ್ರಿಕನ್ ಅಮೆರಿಕನ್, ತಾಯಿ ಯಹೂದಿ. 2001ರಲ್ಲಿ ಹತ್ತು ಸಾವಿರ ಮತಗಳ ಅಂತರದಿಂದ ಗೆದ್ದಿದ್ದರು. ಕ್ಷೇತ್ರದ ಬಂಗಾಳಿಗಳ ವಸತಿ ಸಮಸ್ಯೆಗಾಗಿ ದುಡಿದವರು. ಆದರೆ ಯುದ್ಧಕ್ಕೆ ಮತ ಹಾಕಿದವರು. ಅವರ ವಿರುದ್ಧ ನಿಂತದ್ದು ಯುದ್ಧ ವಿರೋಧದ ಮಾತುಗಳಿಗಾಗಿ ಲೇಬರಿನಿಂದ ಉಚ್ಚಾಟಿತರಾಗಿದ್ದ ಗಾಲೋವೇ. ಮೇ 5ರ ರಾತ್ರಿ ಎಣಿಕೆ ಮುಗಿದಾಗ ಗಾಲೋವೇ 15,801, ಕಿಂಗ್ 14,978. ಅಂತರ 823.

ಆಕೆ ತನ್ನ ಮತಕ್ಕೆ ಬೆಲೆ ತೆತ್ತರು, ಅದು ನ್ಯಾಯ. ಆದರೆ ಏಪ್ರಿಲ್ 10ರಂದು ನಡೆದದ್ದು ನ್ಯಾಯವಲ್ಲ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1945ರ ಮಾರ್ಚ್ 27ರಂದು, ಜರ್ಮನ್ ರಾಕೆಟ್ ಬಿದ್ದು ಅಲ್ಲಿನ ಹ್ಯೂಸ್ ಮ್ಯಾನ್ಶನ್ಸ್ ಕಟ್ಟಡದಲ್ಲಿ 134 ಮಂದಿ ಸತ್ತಿದ್ದರು, ಹೆಚ್ಚಿನವರು ಯಹೂದಿಗಳು. ಅವರ ಸ್ಮರಣೆಗೆ ಸೇರಿದ್ದ ಸಭೆಯ ಮೇಲೆ ಕೆಲವು ಯುವಕರು ಮೊಟ್ಟೆ ಎಸೆದರು. ಕಿಂಗ್ ಆ ಸಭೆಯಲ್ಲಿದ್ದರು. ಬಾಂಬಿಗೆ ಬಲಿಯಾದ ಇರಾಕಿಗಳಿಗಾಗಿ ಮರುಗುವ ಊರಿನಲ್ಲಿ, ಬಾಂಬಿಗೆ ಬಲಿಯಾದ ಲಂಡನ್ನಿಗರನ್ನು ನೆನೆಯುವ ಮುದುಕರ ಮೇಲೆ! ಇತ್ತ ರಾಚ್‌ಡೇಲ್ ಕ್ಷೇತ್ರದಲ್ಲಿ ಲೇಬರ್ ಸಂಸದೆ ಲೋರ್ನಾ ಫಿಟ್ಸ್‌ಸೈಮನ್ಸ್ ವಿರುದ್ಧ ಮುಸ್ಲಿಂ ಸಂಘಟನೆಯೊಂದು ಹಂಚಿದ ಕರಪತ್ರದಲ್ಲಿ ಆಕೆ ಯಹೂದಿ, ಅದಕ್ಕೇ ಫೆಲಸ್ತೀನಿಯರಿಗೆ ಸಹಾಯ ಮಾಡಿಲ್ಲ ಎಂದಿತ್ತು. ಆಕೆ ಯಹೂದಿಯೇ ಅಲ್ಲ. ಸಂಘಟನೆ ಕ್ಷಮೆ ಕೇಳಿತು. ಯಹೂದಿಯಾಗಿದ್ದರೂ ಆ ವಾಕ್ಯ ತಪ್ಪೇ. ಲೆಕ್ಕ ಕೇಳಬೇಕಾದದ್ದು ಸಂಸತ್ತಿನಲ್ಲಿ ಎತ್ತಿದ ಕೈಯನ್ನು, ಹುಟ್ಟನ್ನಲ್ಲ. ನಮ್ಮ ಹುಟ್ಟಿನ ಲೆಕ್ಕ ಕೇಳುವವರ ನಡುವೆ ಬದುಕುವ ನಮಗೆ ಇದು ಎಲ್ಲರಿಗಿಂತ ಮೊದಲು ಅರ್ಥವಾಗಬೇಕು. ಫಿಟ್ಸ್‌ಸೈಮನ್ಸ್ ಆ ಚುನಾವಣೆಯಲ್ಲಿ ಕೆಲವೇ ನೂರು ಮತಗಳಿಂದ ಲಿಬರಲ್ ಡೆಮಾಕ್ರಟ್ ಅಭ್ಯರ್ಥಿಗೆ ಸೋತರು.

ದೇಶದ ಫಲಿತಾಂಶವೇನು? ಲೇಬರ್ ಗೆದ್ದಿತು, ಸತತ ಮೂರನೇ ಬಾರಿ. ಪಡೆದ ಮತ ಶೇ. 35.2 ಮಾತ್ರ, ಆದರೆ 646ರಲ್ಲಿ 355 ಸ್ಥಾನ. ಬಹುಮತ 167ರಿಂದ 66ಕ್ಕೆ ಇಳಿಯಿತು. ಲಿಬರಲ್ ಡೆಮಾಕ್ರಟರು 62 ಸ್ಥಾನಕ್ಕೆ ಏರಿದರು. ಬ್ಲ್ಯಾಕ್‌ಬರ್ನ್‌ನಲ್ಲಿ ಜಾಕ್ ಸ್ಟ್ರಾ ಎಂಟು ಸಾವಿರ ಮತಗಳ ಅಂತರದಿಂದ ಉಳಿದುಕೊಂಡರು, ಅಲ್ಲಿ ಹಳೆಯ ನಂಟು ಗೆದ್ದಿತು. ಈಸ್ಟ್ ಹ್ಯಾಮ್, ವೆಸ್ಟ್ ಹ್ಯಾಮ್‌ಗಳಲ್ಲಿ ಲೇಬರ್ ಉಳಿದರೂ ಒಂದೂವರೆ ವರ್ಷವೂ ತುಂಬದ ರೆಸ್ಪೆಕ್ಟ್ ಎರಡನೇ ಸ್ಥಾನಕ್ಕೆ ಬಂತು. ಮುಸ್ಲಿಂ ಸಂಸದರು ಎರಡರಿಂದ ನಾಲ್ಕಾದರು, ನಾಲ್ವರೂ ಲೇಬರಿನವರೇ. ಹೊಸಬರಲ್ಲಿ ಒಬ್ಬರು ಟೂಟಿಂಗ್‌ನ ಸಾದಿಕ್ ಖಾನ್, ಮುಂದೆ ಲಂಡನ್ ಮೇಯರ್ ಆದವರು. ಹೀಗೆ ಒಂದೇ ರಾತ್ರಿ ಒಂದೇ ಸಮುದಾಯ ಒಂದು ಕಡೆ ಪಕ್ಷವನ್ನು ಶಿಕ್ಷಿಸಿತು, ಇನ್ನೊಂದು ಕಡೆ ಅದೇ ಪಕ್ಷದಿಂದ ತನ್ನವರನ್ನು ಆರಿಸಿತು. ಇದನ್ನು ಗೊಂದಲ ಎಂದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬಿರಾದರಿಯ ಮತ ಒಂದೇ ಕಡೆ ಬೀಳುತ್ತದೆ, ಸಾಕ್ಷಿಗಳ ಮತ ಹಂಚಿಹೋಗುತ್ತದೆ.

ಆ ರಾತ್ರಿಯ ಇನ್ನೊಂದು ದೃಶ್ಯವನ್ನು ಬ್ರಿಟನ್ ಮರೆತಿಲ್ಲ, ಅದು ಮುಸ್ಲಿಮರಿಗೆ ಸಂಬಂಧಿಸಿದ್ದಲ್ಲ. ಬ್ಲೇರ್‌ರ ಸ್ವಂತ ಕ್ಷೇತ್ರ ಸೆಜ್‌ಫೀಲ್ಡ್‌ನಲ್ಲಿ ರೆಜ್ ಕೀಸ್ ಎಂಬವರು ಪಕ್ಷೇತರರಾಗಿ ನಿಂತಿದ್ದರು. ಆಂಬುಲೆನ್ಸ್ ಸೇವೆಯಲ್ಲಿ ದುಡಿದ ಸಾಮಾನ್ಯ ಮನುಷ್ಯ. ಅವರ ಮಗ, ಸೈನಿಕ ಪೊಲೀಸ್ ಟಾಮ್ ಕೀಸ್, 2003ರ ಜೂನ್ 24ರಂದು ಇರಾಕಿನ ಮಜರ್ ಅಲ್ ಕಬೀರ್ ಪಟ್ಟಣದಲ್ಲಿ ಐವರು ಸಂಗಡಿಗರೊಂದಿಗೆ ಕೊಲ್ಲಲ್ಪಟ್ಟಿದ್ದರು. ತಂದೆ ಪಡೆದದ್ದು 4,252 ಮತ. ಬ್ಲೇರ್ 18 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಅಲ್ಲಿನ ಪದ್ಧತಿಯಂತೆ ಫಲಿತಾಂಶ ಘೋಷಣೆಯ ವೇಳೆ ಎಲ್ಲ ಅಭ್ಯರ್ಥಿಗಳೂ ಒಂದೇ ವೇದಿಕೆಯಲ್ಲಿ ನಿಲ್ಲಬೇಕು, ಸೋತವರಿಗೂ ಮಾತಾಡಲು ಅವಕಾಶವಿದೆ. ಯುದ್ಧ ಕಾನೂನುಬದ್ಧವಾಗಿದ್ದರೆ ತಾನು ದುಃಖಿಸುತ್ತಿದ್ದೆನೇ ಹೊರತು ಇಲ್ಲಿ ನಿಲ್ಲುತ್ತಿರಲಿಲ್ಲ ಎಂಬರ್ಥದಲ್ಲಿ ಕೀಸ್ ಮಾತಾಡಿದರು. ಒಂದು ದಿನ ಪ್ರಧಾನಿಗೆ ಮಡಿದವರ ಕುಟುಂಬಗಳ ಕ್ಷಮೆ ಕೇಳುವ ಮನಸ್ಸು ಬರಲಿ ಎಂದರು. ಬ್ಲೇರ್ ಅವರ ಹಿಂದೆ, ಒಂದೆರಡು ಹೆಜ್ಜೆ ದೂರದಲ್ಲಿ, ಮುಖ ಬಿಗಿಹಿಡಿದು ನಿಂತಿದ್ದರು. ಎದ್ದು ಹೋಗುವಂತಿರಲಿಲ್ಲ.

ಎರಡು ತಿಂಗಳ ಬಳಿಕ, ಜುಲೈ 7ರಂದು, ಲಂಡನ್ನಿನ ರೈಲು ಮತ್ತು ಬಸ್‌ಗಳಲ್ಲಿ ನಾಲ್ವರು ಯುವಕರು ಬಾಂಬ್ ಸಿಡಿಸಿ 52 ಅಮಾಯಕರನ್ನು ಕೊಂದರು. ಮತಪೆಟ್ಟಿಗೆಯ ದಾರಿಯಲ್ಲಿ ತಾಳ್ಮೆಯಿಂದ ಲೆಕ್ಕ ಕೇಳಿದ ಲಕ್ಷಾಂತರ ಜನರ ಮಾತು ಆ ಸದ್ದಿನಲ್ಲಿ ಮುಳುಗಿಹೋಯಿತು. ಮುಂದೆ ವರ್ಷಗಟ್ಟಲೆ ಬ್ರಿಟಿಷ್ ಮುಸ್ಲಿಮರು ಲೆಕ್ಕ ಕೇಳುವವರಾಗಿ ಉಳಿಯದೆ, ಲೆಕ್ಕ ಕೊಡಬೇಕಾದವರಾಗಿ ನಿಲ್ಲಬೇಕಾಯಿತು.

ಯುದ್ಧದ ಕುರಿತ ಸರ್ ಜಾನ್ ಚಿಲ್ಕಾಟ್ ವಿಚಾರಣಾ ವರದಿ 2016ರ ಜುಲೈ 6ರಂದು ಹೊರಬಂತು. 12 ಸಂಪುಟ, ಸುಮಾರು 26 ಲಕ್ಷ ಪದಗಳು. ಶಾಂತಿಯ ದಾರಿಗಳೆಲ್ಲ ಮುಗಿಯುವ ಮೊದಲೇ ಬ್ರಿಟನ್ ಯುದ್ಧಕ್ಕೆ ಇಳಿಯಿತು, ಅಸ್ತ್ರಗಳ ಅಪಾಯವನ್ನು ಇಲ್ಲದಷ್ಟು ಖಚಿತವಾಗಿ ಹೇಳಲಾಯಿತು ಎಂದು ಅದು ದಾಖಲಿಸಿತು. ಅಂದು ಬ್ಲೇರ್ ದುಃಖ, ವಿಷಾದ, ಕ್ಷಮೆ ಎಂಬ ಪದಗಳನ್ನು ಬಳಸಿದರು, ಯುದ್ಧದ ನಿರ್ಧಾರವನ್ನು ಮಾತ್ರ ಸಮರ್ಥಿಸಿಕೊಂಡರು. ವರದಿ ಓದಲು ಲಂಡನ್ನಿಗೆ ಬಂದ ಕುಟುಂಬಗಳಲ್ಲಿ ರೆಜ್ ಕೀಸ್ ಕೂಡ ಇದ್ದರು. ಸೆಜ್‌ಫೀಲ್ಡ್‌ನ ಆ 4,252 ಮತಗಳು ಬಿದ್ದು ಆಗ 11 ವರ್ಷವಾಗಿತ್ತು.